ಕಂಪ್ಯೂಟರಿನ ಸೋಮವಾರ

ಕಳೆದ ತಿಂಗಳು ಕಾಪುವಿನ ನಮ್ಮ ಸ್ವಸಹಾಯ ಸಂಘದ ಸಭೆಗೆ ಜುಬೈದಾ ಏದುಸಿರು ಬಿಡುತ್ತಾ ಬಂದಳು. ಕೈಯಲ್ಲಿ ಮೊಬೈಲು, ಮುಖದಲ್ಲಿ ಗಾಬರಿ.

“ಕ್ಲಾರಾ ಬಾಯಿ, ಇವತ್ತು ಸಂಜೆಗೆ ನಮ್ಮ ಮನೆಯ ಕರೆಂಟು ಕಟ್ ಮಾಡ್ತಾರಂತೆ. ಕೂಡಲೇ ಈ ನಂಬರಿಗೆ ಫೋನ್ ಮಾಡಬೇಕಂತೆ.”

“ಬಿಲ್ಲು ಕಟ್ಟಿಲ್ವಾ?”

“ಕಟ್ಟಿ ಆಗಿದೆ.”

“ಮತ್ತೆ ಎಂತ ಹೆದರಿಕೆ?”

“ಮೊಬೈಲಿನಲ್ಲಿ ಬಂದಿದೆಯಲ್ಲ ಬಾಯಿ. ಕಂಪ್ಯೂಟರಿನಿಂದ ಬರುವುದಲ್ವಾ ಅದು? ಸುಳ್ಳು ಇರ್ಲಿಕ್ಕಿಲ್ಲ.”

ನನಗೆ ಸಿಟ್ಟೂ ಬಂತು, ನಗುವೂ ಬಂತು. ಸುಮಾರು ನಲವತ್ತು ವರ್ಷಗಳ ಹಿಂದೆ ಇದೇ ಮಾತನ್ನು ಇದೇ ಧಾಟಿಯಲ್ಲಿ ಕೇಳಿದ್ದೆ. ಆ ಒಂದು ಮಾತಿನಿಂದ ಒಬ್ಬ ಹುಡುಗಿಯ ಮದುವೆ ನಿಂತೇ ಹೋಗುವುದರಲ್ಲಿತ್ತು. ಅದನ್ನು ಉಳಿಸಿದವರು ಬೇರೆ ಯಾರೂ ಅಲ್ಲ, ಈ ಜುಬೈದಾಳ ಅಜ್ಜಿ ಖದೀಜಮ್ಮ.

“ಫೋನು ಕೆಳಗಿಡು. ಯಾವ ನಂಬರಿಗೂ ಮಾಡಬೇಡ. ಮೊದಲು ನಮ್ಮೂರಿನ ಲೈನ್‌ಮ್ಯಾನನ್ನು ಒಂದು ಮಾತು ಕೇಳಲಿಕ್ಕೆ ನಿನ್ನ ಗಂಡನನ್ನು ಕಳಿಸು. ಅವನು ಬರುವಷ್ಟರಲ್ಲಿ ನಿನ್ನ ಅಜ್ಜಿಯ ಕಥೆ ಹೇಳ್ತೇನೆ” ಎಂದೆ. ಅವತ್ತು ಹೇಳಿದ್ದನ್ನೇ ಈಗ ನಿಮಗಾಗಿ ಬರೆದಿದ್ದೇನೆ.

ಅದು ಎಂಬತ್ತಾರನೇ ಇಸವಿ. ಆಗ ಹೆದ್ದಾರಿ ಎಂದರೆ ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕು, ಅಷ್ಟೇ ಅಗಲ. ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಮೂರು ಮನೆಗಳಿಗೆ ಒಂದೇ ಬಾವಿ. ಒಂದು ಮನೆ ನಮ್ಮದು. ಒಂದು ಖದೀಜಮ್ಮನದು. ಅವರ ಗಂಡ ಮಸ್ಕತ್ತಿನಲ್ಲಿದ್ದರು, ಊರಿಗೆ ಬಂದಾಗ ಮೂರೂ ಮನೆಗೆ ಸೋಪಿನ ಪರಿಮಳ ಬರುತ್ತಿತ್ತು. ಇನ್ನೊಂದು ಗುಣವತಿಯಕ್ಕನದು. ಅವರ ಗಂಡ ಸುಂದರಣ್ಣ ಹೆಂಚಿನ ಕಾರ್ಖಾನೆಗೆ ಹೋಗುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಗುಣವತಿಯಕ್ಕನ ಜಗಲಿಯಲ್ಲಿ ಬೀಡಿ ಕಟ್ಟುವವರ ಕೂಟ. ತೊಡೆಯ ಮೇಲೆ ಗೆರಸೆ, ಗೆರಸೆಯಲ್ಲಿ ಎಲೆ ಮತ್ತು ಹೊಗೆಸೊಪ್ಪು, ಬಾಯಲ್ಲಿ ಊರಿನ ಸುದ್ದಿ. ಕೈ ತನ್ನಷ್ಟಕ್ಕೆ ಬೀಡಿ ಸುತ್ತುತ್ತಿತ್ತು. ಮನೆಯೊಳಗೆ ಗುಣವತಿಯಕ್ಕನದು ತುಳು, ಖದೀಜಮ್ಮನದು ಬ್ಯಾರಿ, ನಮ್ಮದು ಕೊಂಕಣಿ. ಜಗಲಿಗೆ ಬಂದರೆ ಎಲ್ಲರದೂ ತುಳು. ಅವರ ಮಾತನ್ನು ಕನ್ನಡದಲ್ಲಿ ಬರೆಯುವಾಗ ಉಪ್ಪು ಸ್ವಲ್ಪ ಕಡಿಮೆಯಾದೀತು, ನೀವೇ ಹಾಕಿಕೊಳ್ಳಿ.

ನನಗೆ ಮಣಿಪಾಲದ ಒಂದು ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ದಿನವಿಡೀ ಅಂಕಿಗಳನ್ನು ಒತ್ತುವುದು. ಕಂಪ್ಯೂಟರ್ ಕೋಣೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕಿತ್ತು, ದೂಳಾಗುತ್ತದೆ ಎಂದು. ಆಫೀಸಿನಲ್ಲಿ ಏಸಿ ಇದ್ದದ್ದೂ ಆ ಕೋಣೆಗೆ ಮಾತ್ರ. ಯಂತ್ರಕ್ಕೆ ಸೆಕೆ ಆಗಬಾರದು, ನಮಗೆ ಆದರೆ ಅಡ್ಡಿಯಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗುವ ಜಾಗದ ಬಗ್ಗೆ ನಮ್ಮ ಜನಕ್ಕೆ ಒಂದು ಭಯಭಕ್ತಿ ತಾನಾಗಿ ಬಂದುಬಿಡುತ್ತದೆ. ಅಲ್ಲಿಂದ ಬಂದ ಕಾಗದವನ್ನು ಕಣ್ಣಿಗೆ ಒತ್ತಿಕೊಂಡವರನ್ನೂ ನಾನು ನೋಡಿದ್ದೇನೆ.

ಗುಣವತಿಯಕ್ಕನ ಮಗಳು ವಾರಿಜ. ಉಡುಪಿಗೆ ಹೊಲಿಗೆ ಕಲಿಯಲು ಹೋಗಿ, ಆಮೇಲೆ ಅಲ್ಲೇ ಕಲಿಸಲು ನಿಂತವಳು. ಮಾತು ಕಡಿಮೆ. ಆದರೆ ಆಡಿದ ಮಾತು ಹೊಲಿಗೆ ಹಾಕಿದ ಹಾಗೆ, ಬಿಚ್ಚಲು ಬರುವುದಿಲ್ಲ. ಅವಳು ಹುಟ್ಟಿದ್ದು ತುಳುವರ ಮಾಯಿ ತಿಂಗಳ ಹುಣ್ಣಿಮೆಯ ರಾತ್ರಿ, ಕೋಳಿ ಕೂಗುವ ಮೊದಲು. ಸೂಲಗಿತ್ತಿ ಬರುವುದು ತಡವಾಗಿ ಖದೀಜಮ್ಮನೇ ಮಗುವನ್ನು ಕೈಯಲ್ಲಿ ತೆಗೆದುಕೊಂಡಿದ್ದರು. ಆ ಹುಟ್ಟುಹಬ್ಬದ ವಿಷಯದಲ್ಲಿ ಇಬ್ಬರು ಹೆಂಗಸರಿಗೂ ಪ್ರತಿ ವರ್ಷ ಜಗಳ. ಗುಣವತಿಯಕ್ಕ ಫೆಬ್ರವರಿ ಹದಿನೈದಕ್ಕೆ ಪಾಯಸ ಮಾಡುವರು. ಖದೀಜಮ್ಮ ಹದಿನಾರಕ್ಕೆ ಅಕ್ಕಿಹಿಟ್ಟು ಬೆಲ್ಲದ ಸಿಹಿ ಮಣ್ಣಿ ಮಾಡಿ, ತಟ್ಟೆಗೆ ಬಾಳೆಲೆ ಮುಚ್ಚಿ ಕಳಿಸುವರು.

“ಸೋಮವಾರ ಹುಟ್ಟಿದ ಮಗು, ಮಾರಾಯ್ತಿ. ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೈದು ಇತ್ತು. ಮಲಗಿದ್ದಲ್ಲಿಂದ ನಾನೇ ನೋಡಿದ್ದೇನೆ.”

“ಸೋಮವಾರ ಎಲ್ಲಿ ಉಳಿದಿತ್ತು? ಅದು ಮಸೀದಿಯ ಸಂಜೆಯ ಬಾಂಗಿಗೇ ಮುಗಿದಿತ್ತು. ಮಗು ಮಂಗಳವಾರದ್ದು.”

ವಾರಿಜ ಪಾಯಸವನ್ನೂ ತಿನ್ನುತ್ತಿದ್ದಳು, ಮಣ್ಣಿಯನ್ನೂ ತಿನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಇಬ್ಬರೂ ಯಾಕೆ ಹೀಗೆ ಹೇಳುತ್ತಾರೆ ಎಂದು ಯಾರೂ ಕೇಳಿರಲಿಲ್ಲ.

ಆ ವರ್ಷ ವಾರಿಜಳಿಗೆ ಕಾರ್ಕಳದಿಂದ ಸಂಬಂಧ ಬಂತು. ಹುಡುಗನ ಹೆಸರು ಉಮಾನಾಥ. ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿನ ಸೀಟು ಬುಕ್ ಮಾಡುವ ಕೆಲಸ. ಮನೆಯಲ್ಲಿ ತಾಯಿ ಅಕ್ಕು ಮತ್ತು ಇವನು, ಇಬ್ಬರೇ. ಹೆಣ್ಣು ನೋಡುವ ದಿನ ನಕ್ಷತ್ರ ಕೇಳಿದರು. ಹೆಸರಿಡುವಾಗ ಜೋಯಿಸರು ಹೇಳಿದ್ದು ಮಖೆ ಎಂದು ಗುಣವತಿಯಕ್ಕ ಹೇಳಿದರು. ಹೊಂದಾಣಿಕೆ ಆಯಿತು. ಹುಡುಗಿಯ ಮನೆಯಲ್ಲಿ ಬರೆದ ಜಾತಕ ಇರಲಿಲ್ಲ, ಎಲ್ಲ ಬಾಯಿಮಾತು. ಬೇಸಗೆಯಲ್ಲಿ ಮದುವೆ ಎಂದು ನಿಶ್ಚಯವಾಯಿತು.

ಹುಡುಗ ಒಳ್ಳೆಯವನು. ಅವತ್ತಿನಿಂದ ಪ್ರತಿ ಶುಕ್ರವಾರ ಬಸ್ಸಿನ ಕಂಡಕ್ಟರನ ಕೈಯಲ್ಲಿ ವಾರಿಜಳಿಗೆ ಬಾಳೆನಾರು ಕಟ್ಟಿದ ಮಲ್ಲಿಗೆಯ ಪೊಟ್ಟಣ ಬರುತ್ತಿತ್ತು. ನಮ್ಮ ಪಕ್ಕದ ಶಂಕರಪುರದಲ್ಲಿ ಕೊಯ್ದ ಮಲ್ಲಿಗೆ ಅದು. ಕಾರ್ಕಳದ ಪೇಟೆಗೆ ಹೋಗಿ, ಅಲ್ಲಿಂದ ಪಡುಬಿದ್ರಿ ಸುತ್ತಿ ಮತ್ತೆ ಕಾಪುವಿಗೆ ಬರುತ್ತಿತ್ತು. “ಪಾಪ, ಹೂವಿಗೇ ತಲೆ ತಿರುಗಬೇಕು” ಎಂದು ಖದೀಜಮ್ಮ ತಮಾಷೆ ಮಾಡುತ್ತಿದ್ದರು. ವಾರಿಜ ಆ ಬಾಡಿದ ಮಲ್ಲಿಗೆಯನ್ನೇ ಮುಡಿದು ಉಡುಪಿಗೆ ಹೋಗುತ್ತಿದ್ದಳು.

ಹೀಗಿರುವಾಗ ಉಡುಪಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ‘ಕಂಪ್ಯೂಟರ್ ಜಾತಕ’ ಎಂಬ ಬೋರ್ಡು ಬಿತ್ತು. ರಜೆಯ ದಿನ ಉಡುಪಿಗೆ ಬಂದಿದ್ದ ಉಮಾನಾಥ ಅದನ್ನು ನೋಡಿದ. ಹುಡುಗಿಯ ಹತ್ತಿರ ಬರೆದ ಜಾತಕ ಇಲ್ಲ, ಒಂದು ಚಂದದ ಜಾತಕ ಮಾಡಿಸಿ ಕೊಡುವ ಎಂದು ಪ್ರೀತಿಯಿಂದಲೇ ಮೆಟ್ಟಿಲು ಹತ್ತಿದ. ಗುಣವತಿಯಕ್ಕ ಹೇಳಿದ್ದ ದಿನ ಅವನಿಗೆ ಬಾಯಿಪಾಠ. ಸಾವಿರದ ಒಂಬೈನೂರ ಅರವತ್ತೈದು, ಫೆಬ್ರವರಿ ಹದಿನೈದು, ಸೋಮವಾರ, ಬೆಳಗಿನ ಜಾವ ನಾಲ್ಕು ಗಂಟೆ. ಕರಕರ ಶಬ್ದ ಮಾಡುತ್ತಾ ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದ ಹೊರಗೆ ಬಂತು.

ಅವನು ಓದುವ ಮೊದಲೇ ಊರಿಗೆ ತೋರಿಸಿದ. ಕಾರ್ಕಳದ ಬಸ್ಸಿನಲ್ಲಿ ಕುಳಿತು ಪರಿಚಯದ ಕಂಡಕ್ಟರನಿಗೆ ಕೊಟ್ಟ, “ನೋಡು ಮಾರಾಯ, ಕಂಪ್ಯೂಟರ್ ಜಾತಕ” ಅಂತ. ಕಂಡಕ್ಟರ್ ಹಿರಿಯಡ್ಕ ದಾಟುವಾಗ ಗಟ್ಟಿಯಾಗಿ ಓದಿದ. ನಕ್ಷತ್ರ, ಆಶ್ಲೇಷ. ಬೈಲೂರಿಗೆ ಮುಟ್ಟುವಾಗ ಇಡೀ ಬಸ್ಸಿಗೆ ಗೊತ್ತು. ಕಾರ್ಕಳದಲ್ಲಿ ಅವನು ಇಳಿದು ಮನೆಗೆ ನಡೆಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲು ಮನೆ ಸೇರಿತ್ತು.

ಆಶ್ಲೇಷದ ಸೊಸೆ ಬಂದರೆ ಅತ್ತೆಯ ಜೀವಕ್ಕೆ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಅದಕ್ಕಿಂತಲೂ ದೊಡ್ಡ ಮಾತು ಇನ್ನೊಂದಿತ್ತು. ಮಖೆ ಅಂತ ಹೇಳಿದವರು ಆಶ್ಲೇಷವನ್ನು ಮುಚ್ಚಿಟ್ಟರು, ಅಂದರೆ ಮೋಸ ಮಾಡಿದರು.

ಆ ಶುಕ್ರವಾರ ಕಂಡಕ್ಟರ್ ಪೊಟ್ಟಣ ತಂದ. ಮಲ್ಲಿಗೆ ಎಂದು ಗುಣವತಿಯಕ್ಕ ಮಗಳನ್ನು ಕರೆದು ಎದುರಿಗೇ ಬಿಚ್ಚಿದರು. ಒಳಗೆ ಆ ಕಾಗದ. ಕಂಡಕ್ಟರ್ ನೆಲ ನೋಡುತ್ತಾ ಹೇಳಿದ, “ನಕ್ಷತ್ರ ಮುಚ್ಚಿಟ್ಟ ಮನೆಯ ಸಂಬಂಧ ಬೇಡ ಅಂತ ಅಕ್ಕು ಅಮ್ಮ ಹೇಳಿದ್ದಾರೆ.”

ಸಂಜೆ ನಾನು ಮಣಿಪಾಲದಿಂದ ಬಂದಾಗ ಜಗಲಿಯಲ್ಲಿ ಗೆರಸೆಗಳು ಹಾಗೇ ಬಿದ್ದಿದ್ದವು. ವಾರಿಜ ಒಳಗೆ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದಳು. ಗುಣವತಿಯಕ್ಕನ ಕಣ್ಣು ಕೆಂಪಾಗಿತ್ತು.

“ಕ್ಲಾರಾ, ನೀನು ಕಂಪ್ಯೂಟರಿನವಳಲ್ವಾ? ಇದು ನೋಡು. ನಾನು ಸುಳ್ಳುಗಾರ್ತಿ ಅಂತೆ.”

ನಾನು ಕಾಗದ ನೋಡಿದೆ. ಒತ್ತುವಾಗ ಅಂಕಿ ತಪ್ಪಿರಬೇಕು ಎಂದುಕೊಂಡಿದ್ದೆ. ಇಲ್ಲ, ದಿನ ಸರಿ ಇತ್ತು, ವಾರ ಸರಿ ಇತ್ತು, ಗಂಟೆ ಸರಿ ಇತ್ತು.

“ಒತ್ತಿದ್ದರಲ್ಲಿ ತಪ್ಪಿಲ್ಲ ಅಕ್ಕ” ಎಂದೆ. ಅಷ್ಟು ಹೇಳಿದ್ದಕ್ಕೇ ಅವರು ನನ್ನಿಂದ ಮುಖ ತಿರುಗಿಸಿದರು.

ಸುಂದರಣ್ಣ ಕಂಬಕ್ಕೆ ಒರಗಿ ಕುಳಿತಿದ್ದರು. “ಕಂಪ್ಯೂಟರಿನಲ್ಲಿ ಬಂದ ಮೇಲೆ ಯಾರ ಬಾಯಿ ಮುಚ್ಚಿಸ್ಲಿಕ್ಕೆ ಆಗ್ತದೆ? ಅದು ತಪ್ಪು ಹೇಳ್ಲಿಕ್ಕಿಲ್ಲ. ಜೋಯಿಸರೇ ಅವತ್ತು ತಪ್ಪಿರಬೇಕು. ಅವರೂ ಈಗ ಇಲ್ಲ ಕೇಳಲಿಕ್ಕೆ.”

“ಹೆತ್ತವಳು ನಾನು” ಎಂದರು ಗುಣವತಿಯಕ್ಕ. “ಹೆತ್ತದ್ದು ಯಾವಾಗ ಅಂತ ನನಗಿಂತ ಆ ಯಂತ್ರಕ್ಕೆ ಗೊತ್ತುಂಟಾ? ಸೋಮವಾರ, ಹದಿನೈದು.”

ಅಷ್ಟರಲ್ಲಿ ಖದೀಜಮ್ಮ ಬಾವಿಕಟ್ಟೆಯಲ್ಲಿ ಕೊಡ ಇಟ್ಟು ಬಂದರು. “ಹದಿನೈದು ಅಂತ ಹೇಳಿ ಕೊಟ್ಟದ್ದಾ? ಅದಕ್ಕೇ ಹೀಗಾದದ್ದು. ಮಂಗಳವಾರ, ಮಂಗಳವಾರ ಅಂತ ನಾನು ಇಷ್ಟು ವರ್ಷ ಬಾಯಿ ಬಡಿದುಕೊಂಡೆ.”

“ಈಗಲೂ ಆ ಜಗಳ ಬೇಕಾ ನಿಮಗೆ?” ಸುಂದರಣ್ಣ ಗದರಿಸಿದರು.

ನನಗೆ ಮಾತ್ರ ಏನೋ ಹೊಳೆದ ಹಾಗಾಯಿತು.

“ಖದೀಜಮ್ಮ, ನಿಮಗೆ ಮಂಗಳವಾರ ಶುರುವಾಗುವುದು ಯಾವಾಗ?”

“ಸೋಮವಾರ ಸೂರ್ಯ ಮುಳುಗಿದ ಮೇಲೆ. ಬಾಂಗು ಕೊಟ್ಟರೆ ಮರುದಿನ ಬಂತು. ನಮ್ಮ ಶುಕ್ರವಾರದ ರಾತ್ರಿ ನಿಮ್ಮ ಗುರುವಾರದ ರಾತ್ರಿಯೇ ಅಲ್ವಾ?”

“ಗುಣವತಿಯಕ್ಕ, ನಿಮಗೆ?”

“ಬೆಳಗಾದ ಮೇಲೆ, ಮತ್ತೆ ಯಾವಾಗ? ಸೂರ್ಯ ಬಂದು, ದೇವರಿಗೆ ದೀಪ ಇಟ್ಟು, ಇವರು ಕ್ಯಾಲೆಂಡರಿನ ಹಾಳೆ ಹರಿದ ಮೇಲೆ. ಕತ್ತಲೆಯಲ್ಲಿ ಯಾರಾದರೂ ಹಾಳೆ ಹರೀತಾರಾ?”

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಕಂಪ್ಯೂಟರಿಗೆ ಸೂರ್ಯನೂ ಇಲ್ಲ, ಬಾಂಗೂ ಇಲ್ಲ. ರಾತ್ರಿ ಹನ್ನೆರಡು ಹೊಡೆಯಿತೆಂದರೆ ಅದು ದಿನ ಬದಲಿಸುತ್ತದೆ. ನಮ್ಮ ಕ್ರಿಸ್ಮಸ್ ಹಬ್ಬವೂ ಹಾಗೆಯೇ, ನಡುರಾತ್ರಿ ಇಗರ್ಜಿಯ ಗಂಟೆ ಬಾರಿಸಿದರೆ ಬಂತು. ಮೂರು ಮನೆಗೆ ಬಾವಿ ಒಂದೇ ಇತ್ತು, ದಿನ ಮಾತ್ರ ಮೂರು ಹೊತ್ತಿಗೆ ಹುಟ್ಟುತ್ತಿತ್ತು.

“ವಾರಿಜ ಹುಟ್ಟಿದ್ದು ಹನ್ನೆರಡು ಗಂಟೆ ದಾಟಿದ ಮೇಲೆ” ಎಂದೆ. “ನಿಮಗೆ ಅದು ಇನ್ನೂ ಸೋಮವಾರ. ಕಂಪ್ಯೂಟರಿಗೆ ಆಗಲೇ ಮಂಗಳವಾರ, ಹದಿನಾರು. ನಾವು ಹದಿನೈದು ಅಂತ ಹೇಳಿದೆವು. ಅದು ಒಂದು ದಿನ ಹಿಂದೆ ಹೋಗಿ, ಸೋಮವಾರ ಬೆಳಗಾಗುವ ಮೊದಲಿನ ಲೆಕ್ಕ ತೆಗೆಯಿತು. ಆಗ ನಿಮಗೆ ನೋವು ಶುರುವೇ ಆಗಿರಲಿಲ್ಲ. ಚಂದ್ರ ದಿನಕ್ಕೊಂದು ನಕ್ಷತ್ರ ದಾಟ್ತಾನೆ ಅಂತ ಜೋಯಿಸರು ಹೇಳುವುದಲ್ವಾ? ಮಖೆಯ ಹಿಂದಿನದ್ದು ಯಾವುದು?”

“ಆಶ್ಲೇಷ” ಎಂದಳು ವಾರಿಜ. ಅವಳು ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ಗೊತ್ತಿಲ್ಲ.

“ಹಾಗಾದ್ರೆ ಕಂಪ್ಯೂಟರ್ ಸುಳ್ಳು ಹೇಳಿತಾ?” ಸುಂದರಣ್ಣ ಕೇಳಿದರು.

“ಇಲ್ಲ. ಕೊಟ್ಟದ್ದಕ್ಕೆ ಸರಿಯಾಗಿ ಹೇಳಿತು.”

“ಗುಣವತಿ ಸುಳ್ಳು ಹೇಳಿದ್ದಾ?”

“ಇಲ್ಲ.”

“ಮತ್ತೆ ಯಾರು?”

“ಯಾರೂ ಸುಳ್ಳು ಹೇಳ್ಲಿಲ್ಲ ಸುಂದರಣ್ಣ. ಯಾರೂ ಕೇಳ್ಲಿಲ್ಲ, ಅಷ್ಟೇ.”

ಖದೀಜಮ್ಮ ತಲೆಯ ಸೆರಗು ಸರಿಮಾಡಿಕೊಂಡರು. “ಅಂದರೆ ಇಷ್ಟು ವರ್ಷವೂ ನಾನು ಹೇಳಿದ್ದೇ ಸರಿ.” ಗುಣವತಿಯಕ್ಕ ಅಳುತ್ತಲೇ ನಕ್ಕರು. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಇದೆ.

ಆದರೆ ಕಾರ್ಕಳಕ್ಕೆ ಹೋಗಿ ಹೇಳುವವರು ಯಾರು? ಸುಳ್ಳುಗಾರ್ತಿ ಎಂದವರ ಮನೆಯ ಮೆಟ್ಟಿಲು ತಾನು ಹತ್ತುವುದಿಲ್ಲ ಎಂದು ಗುಣವತಿಯಕ್ಕ ಹಟ ಹಿಡಿದರು. ಆ ಹಟ ನನಗೆ ಸರಿ ಎಂದೇ ಕಂಡಿತು. ಕೊನೆಗೆ ಹೊರಟದ್ದು ನಾನು ಮತ್ತು ಖದೀಜಮ್ಮ. “ಮಗುವನ್ನು ಮೊದಲು ಹಿಡಿದ ಕೈ ನನ್ನದು. ಸಾಕ್ಷಿ ಹೇಳ್ಲಿಕ್ಕೆ ನಾನಲ್ಲದೆ ಇನ್ಯಾರು?” ಎಂದರು ಅವರು.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದೆವು. ಈಗ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇರುವ ನಂದಿಕೂರಿನ ಆ ಬದಿಯಲ್ಲಿ ಆಗ ಬರೀ ಗದ್ದೆ ಮತ್ತು ಗುಡ್ಡ. ಕಿಟಕಿಯಿಂದ ಗಾಳಿ ಬರುತ್ತಿತ್ತು. ಖದೀಜಮ್ಮ ದಾರಿಯುದ್ದಕ್ಕೂ ತಾನು ಏನು ಹೇಳಬೇಕೆಂದು ಗುನುಗಿಕೊಳ್ಳುತ್ತಿದ್ದರು. ಅವರಿಗೆ ಪರವೂರಿನ ಜನರೊಂದಿಗೆ ಮಾತನಾಡಿ ಅಭ್ಯಾಸವಿರಲಿಲ್ಲ.

ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಉಮಾನಾಥ ಬುಕಿಂಗ್ ಕಿಟಕಿಯ ಹಿಂದೆ ಕುಳಿತಿದ್ದ. ನಮ್ಮನ್ನು ನೋಡಿ ಅವನ ಮುಖ ಕಪ್ಪಿಟ್ಟಿತು. ಪಾಪ, ಅವನೂ ಸರಿಯಾಗಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

“ನನಗೆ ಅವರ ಮೇಲೆ ಸಿಟ್ಟಿಲ್ಲ ಬಾಯಿ” ಎಂದ. “ಆದರೆ ಕಂಪ್ಯೂಟರ್ ತಪ್ಪು ಹೇಳ್ತದಾ? ನೀವೇ ಹೇಳಿ. ಅದಕ್ಕೆ ನಮ್ಮ ಹಾಗೆ ಮರೆವು ಇಲ್ಲ, ಪಕ್ಷಪಾತ ಇಲ್ಲ.”

ನಾನು ಬಾಯಿ ತೆರೆಯುವಷ್ಟರಲ್ಲಿ ಒಬ್ಬರು ಹಿರಿಯರು ಕಿಟಕಿಗೆ ಬಂದರು. ಬೆಂಗಳೂರಿಗೆ ಒಂದು ಸೀಟು ಬೇಕು, ಸೋಮವಾರ ರಾತ್ರಿಗೆ ಎಂದರು. ಆ ಬಸ್ಸು ಕಾರ್ಕಳಕ್ಕೆ ಬರುವುದು ನಡುರಾತ್ರಿ ಕಳೆದು ಅರ್ಧ ಗಂಟೆಗೆ. ಉಮಾನಾಥ ಟಿಕೇಟು ಬರೆದು ಕೊಟ್ಟು, ಬೆರಳಿನಿಂದ ತೋರಿಸಿ ಹೇಳಿದ:

“ಅಜ್ಜ, ಇದರಲ್ಲಿ ಮಂಗಳವಾರ ಅಂತ ಬರೆದಿದೆ, ಹೆದರಬೇಡಿ. ನೀವು ಸೋಮವಾರ ರಾತ್ರಿ ಊಟ ಮಾಡಿ ಬನ್ನಿ. ಮಂಗಳವಾರ ಊಟ ಮಾಡಿ ಬಂದರೆ ಬಸ್ಸು ಸಿಗ್ಲಿಕ್ಕಿಲ್ಲ.”

ಹಿರಿಯರು ಹೋದರು. ನಾನು ಕೇಳಿದೆ, “ಹಾಗೆ ಯಾಕೆ ಹೇಳಿದಿರಿ?”

“ಹೇಳದಿದ್ದರೆ ಜನ ಮರುದಿನ ರಾತ್ರಿ ಗಂಟುಮೂಟೆ ಕಟ್ಟಿಕೊಂಡು ಬರ್ತಾರೆ. ಎಷ್ಟು ಸಲ ಆಗಿದೆ. ಆಮೇಲೆ ಇಲ್ಲೇ ಕುಳಿತು ನನಗೆ ಬೈತಾರೆ. ಅದಕ್ಕೆ ದಿನ ಹೇಳುವುದು ಬಿಟ್ಟು ಊಟದ ಲೆಕ್ಕ ಹೇಳ್ತೇನೆ.”

“ವಾರಿಜ ಹುಟ್ಟಿದ್ದು ನಿಮ್ಮ ಬಸ್ಸು ಹೋದ ಮೇಲಿನ ಹೊತ್ತಿನಲ್ಲಿ” ಎಂದೆ.

ಖದೀಜಮ್ಮ ಮುಂದಕ್ಕೆ ಬಂದರು. ದಾರಿಯಲ್ಲಿ ಗುನುಗಿಕೊಂಡದ್ದೆಲ್ಲ ಮರೆತು ಸರಳವಾಗಿ ಹೇಳಿದರು, “ಸೋಮವಾರ ರಾತ್ರಿ ಊಟ ಮಾಡಿ ಮಲಗಿದ್ದೆ ಮಗಾ. ಆಮೇಲೆ ಗುಣವತಿಗೆ ನೋವು ಅಂತ ಕರೆದರು. ಬೆಳಗಿನ ಬಾಂಗು ಆಗುವಾಗ ಮಗು ನನ್ನ ಮಡಿಲಲ್ಲಿ ಇತ್ತು. ನಿನ್ನ ಟಿಕೇಟಿನಲ್ಲಿ ಅದಕ್ಕೆ ಯಾವ ದಿನ ಬರೀತಿ?”

ಉಮಾನಾಥ ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

“ಮಂಗಳವಾರ” ಎಂದ. “ಅಜ್ಜನಿಗೆ ಹೇಳುವ ಬುದ್ಧಿ ಅಲ್ಲಿ ಮಹಡಿ ಹತ್ತಿದಾಗ ನನಗೆ ಎಲ್ಲಿ ಹೋಗಿತ್ತು?”

ಎಲ್ಲಿಗೂ ಹೋಗಿರಲಿಲ್ಲ. ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಹೋಗಿದ್ದ. ಆದರೆ ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಕಿಟಕಿ ಮುಚ್ಚಿ ಅವನು ನಮ್ಮನ್ನು ಮನೆಗೆ ಕರೆದುಕೊಂಡು ಹೋದ. ಅಕ್ಕು ಸಣ್ಣ ಜೀವ, ನೇರ ಮಾತಿನವರು. ಬೆಲ್ಲ, ನೀರು ಕೊಟ್ಟು ಕೂರಿಸಿದರು. ಮಗ ಬಸ್ಸಿನ ಉದಾಹರಣೆ ಕೊಟ್ಟು ಎಲ್ಲ ಹೇಳಿದ. ಅವರು ಕೇಳಿದರು. ಆದರೂ ಹೆದರಿಕೆ ಹೋಗಲಿಲ್ಲ.

“ಸಾಯ್ಲಿಕ್ಕೆ ಹೆದರಿಕೆ ಇಲ್ಲ ಅಂತ ಹೇಳಿದರೆ ಸುಳ್ಳಾಗ್ತದೆ” ಎಂದರು. “ಇವನ ಅಪ್ಪ ಬೇಗ ಹೋದರು. ನಾನು ಇವನ ಮಕ್ಕಳನ್ನು ನೋಡಬೇಕು. ನೀವು ಬಾಯಲ್ಲಿ ಹೇಳ್ತೀರಿ, ಅದು ಕಾಗದದಲ್ಲಿ ಉಂಟು.”

“ಅಕ್ಕು ಅಮ್ಮ, ಒಂದು ಮಾತು ಕೇಳ್ತೇನೆ, ಬೇಸರ ಮಾಡಬೇಡಿ” ಎಂದರು ಖದೀಜಮ್ಮ. “ನಿಜವಾಗಿ ಆಶ್ಲೇಷವೇ ಆಗಿದ್ದರೆ ಆ ಹುಡುಗಿ ಎಂತ ಪಾಪ ಮಾಡಿದ್ದಳು? ಹುಟ್ಟುವ ಹೊತ್ತನ್ನು ಅವಳು ಆರಿಸಿಕೊಂಡದ್ದಾ?”

ಅಕ್ಕು ಅವರ ಮುಖ ಮೆತ್ತಗಾಯಿತು. “ನಾನೇ ಉಡುಪಿಗೆ ಬರ್ತೇನೆ. ಆ ಯಂತ್ರವನ್ನು ನಾನೇ ಕೇಳ್ತೇನೆ” ಎಂದರು.

ಮುಂದಿನ ಭಾನುವಾರ ಅವರು ಮಗನೊಂದಿಗೆ ಬಂದರು. ನಾನೂ ಹೋಗಿದ್ದೆ. ಕೈಕಂಬಿ ಹಿಡಿದು ಮಹಡಿ ಹತ್ತಿದ ಅಕ್ಕು ಚಪ್ಪಲಿ ಬಿಟ್ಟು, ತಂಪು ಕೋಣೆಯಲ್ಲಿ ಸೆರಗು ಹೊದೆದುಕೊಂಡು ಕುಳಿತರು. ಯಂತ್ರ ನೋಡಿಕೊಳ್ಳುವವನು ಟೈ ಕಟ್ಟಿದ್ದ. ಮೊದಲು ಒಪ್ಪಲಿಲ್ಲ. “ನಮ್ಮ ಪ್ರೋಗ್ರಾಮಿನಲ್ಲಿ ತಪ್ಪು ಬರುವುದಿಲ್ಲ” ಎಂದ.

“ತಪ್ಪು ಅಂತ ನಾವು ಹೇಳ್ಲಿಲ್ಲ. ಹದಿನಾರು ಅಂತ ಹಾಕಿ ನೋಡಿ” ಎಂದೆ.

ಕರಕರ ಎಂದು ಕಾಗದ ಬಂತು. ನಕ್ಷತ್ರ, ಮಖೆ.

ಅಕ್ಕು ಆ ಕಾಗದವನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ ಎಂದು ನಾನು ಭಾವಿಸಿದ್ದೆ. ಅವರು ಅದನ್ನು ಮಡಚಿ ಮೇಜಿನ ಮೇಲೆ ಇಟ್ಟರು. ಟೈ ಕಟ್ಟಿದವನನ್ನು ನೋಡಿ ಕೇಳಿದರು:

“ಮಗು ಹುಟ್ಟಿದ್ದು ಬೆಳಗಿನ ಜಾವ ಅಂತ ಗೊತ್ತಿತ್ತಲ್ಲ. ಯಾವ ರಾತ್ರಿ ಕಳೆದು ಬಂದ ಬೆಳಗು ಅಂತ ನೀನು ಯಾಕೆ ಕೇಳ್ಲಿಲ್ಲ?”

“ಅಂಥ ಪ್ರಶ್ನೆ ಅದರಲ್ಲಿ ಇಲ್ಲ ಅಮ್ಮ.”

“ಅದರಲ್ಲಿ ಇಲ್ಲದಿದ್ದರೆ ನಿನ್ನ ಬಾಯಲ್ಲಿ ಇಲ್ವಾ?”

ಅವನು ಕೆಂಪಾದ. ಆದರೆ ಮರ್ಯಾದಸ್ಥ ಹುಡುಗ. ಆಮೇಲೆ ನಾನು ಆ ದಾರಿಯಲ್ಲಿ ಹೋದಾಗ ನೋಡಿದೆ, ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ್ದ. ರಾತ್ರಿ ಹನ್ನೆರಡರ ನಂತರ, ಬೆಳಗಾಗುವ ಮೊದಲು ಹುಟ್ಟಿದವರು ದಯವಿಟ್ಟು ಮೊದಲೇ ತಿಳಿಸಿ ಎಂದು ಬರೆದಿತ್ತು. ಆ ಇಡೀ ಅಂಗಡಿಯಲ್ಲಿ ನನಗೆ ತುಂಬಾ ಇಷ್ಟವಾದ ವಸ್ತು ಆ ರಟ್ಟು.

ಅಲ್ಲಿಂದ ನೇರ ಕಾಪುವಿಗೆ ಬಂದೆವು. ಉಮಾನಾಥನ ಕೈಯಲ್ಲಿ ಮಲ್ಲಿಗೆಯ ಪೊಟ್ಟಣವಿತ್ತು. ಗುಣವತಿಯಕ್ಕ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಬನ್ನಿ ಎಂದರು, ಎದ್ದು ನಿಲ್ಲಲಿಲ್ಲ. ಅಕ್ಕು ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು.

“ತಪ್ಪಾಯಿತು ಗುಣವತಿ. ಕಂಪ್ಯೂಟರಿನಲ್ಲೂ ಈಗ ಮಖೆ ಅಂತಲೇ ಬಂತು.”

“ನಾನು ಮೊದಲೇ ಹೇಳಿದ್ದೆ, ಮಖೆ ಅಂತ” ಎಂದರು ಗುಣವತಿಯಕ್ಕ. ಬೀಡಿ ಸುತ್ತುವ ಕೈ ನಿಂತಿತು. “ನನ್ನನ್ನು ಒಂದು ಮಾತು ಕೇಳಿದ್ದರೆ ಆಗ್ತಿತ್ತು. ಬಸ್ಸಿನವರಿಗೆಲ್ಲ ಗೊತ್ತಾಗುವ ಮೊದಲು ನನಗೆ ಗೊತ್ತಾಗಬೇಕಿತ್ತು.”

ಉಮಾನಾಥ ಪೊಟ್ಟಣ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದ. ಆಗ ವಾರಿಜ ಹೊರಗೆ ಬಂದಳು. ನಾಲ್ಕು ಜನರೆದುರು ಅವಳು ಅವನೊಂದಿಗೆ ಮಾತನಾಡಿದ್ದು ಅದೇ ಮೊದಲು.

“ನಾಳೆ ಇನ್ನೊಂದು ಕಾಗದ ಬಂದರೆ?”

ಅವನು ತಲೆ ಎತ್ತಿದ. “ಮೊದಲು ನಿನ್ನನ್ನು ಕೇಳ್ತೇನೆ” ಎಂದ. “ಬೇರೆ ಯಾರಿಗೂ ತೋರಿಸುವ ಮೊದಲು.”

ವಾರಿಜ ಕೈ ಚಾಚಿ ಮಲ್ಲಿಗೆ ತೆಗೆದುಕೊಂಡಳು. ಜಗಲಿಯ ಮೂಲೆಯಲ್ಲಿದ್ದ ಖದೀಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆಸೊಪ್ಪಿನ ಘಾಟು ಎಂದರು.

ಬೇಸಗೆಯಲ್ಲಿ ಮದುವೆಯಾಯಿತು. ಅಕ್ಕು ಮಗನ ಮಕ್ಕಳನ್ನೂ ನೋಡಿದರು, ಮೊಮ್ಮಗಳ ಮದುವೆಯ ಊಟವನ್ನೂ ಮಾಡಿದರು. ಈಗ ಅವರಿಲ್ಲ. ಗುಣವತಿಯಕ್ಕ ಇಲ್ಲ, ಖದೀಜಮ್ಮನೂ ಇಲ್ಲ. ಬಾವಿಗೆ ಕಬ್ಬಿಣದ ಬಲೆ ಮುಚ್ಚಿದ್ದಾರೆ, ಮೂರು ಮನೆಗೂ ನಲ್ಲಿ ಬಂದಿದೆ. ಆ ಜಗಲಿಯ ಮುಂದೆ ಹಾದುಹೋಗುವಾಗ ಇವತ್ತಿಗೂ ನನ್ನ ಮೂಗಿಗೆ ಹೊಗೆಸೊಪ್ಪಿನ ವಾಸನೆ ಬಂದ ಹಾಗಾಗುತ್ತದೆ, ಒಂದು ನಿಮಿಷ ನಿಲ್ಲುತ್ತೇನೆ. ವಾರಿಜ ಕಾರ್ಕಳದಲ್ಲಿ ಗಟ್ಟಿಯಾಗಿದ್ದಾಳೆ. ಅವಳ ಹುಟ್ಟುಹಬ್ಬಕ್ಕೆ ಮೊಬೈಲಿನಲ್ಲಿ ಬ್ಯಾಂಕಿನ ಶುಭಾಶಯ ಬರುವುದು ಜೂನ್ ಒಂದಕ್ಕೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು. “ಕಂಪ್ಯೂಟರಿಗೆ ಪಾಯಸವೂ ಬೇಡ, ಮಣ್ಣಿಯೂ ಬೇಡ” ಎಂದು ಅವಳು ನಗುತ್ತಾಳೆ. ಫೆಬ್ರವರಿ ಹದಿನೈದಕ್ಕೆ ಅವಳು ಪಾಯಸ ಮಾಡುತ್ತಾಳೆ. ಹದಿನಾರಕ್ಕೆ ಕಾಪುವಿನಿಂದ ಜುಬೈದಾ ಮಣ್ಣಿ ಕಳಿಸುತ್ತಾಳೆ, ಅಜ್ಜಿಯ ಹಾಗೆಯೇ ಬಾಳೆಲೆ ಮುಚ್ಚಿ.

ಕಥೆ ಮುಗಿಯುವಾಗ ಜುಬೈದಾಳ ಗಂಡ ಬಂದ. ಲೈನ್‌ಮ್ಯಾನ್ ನಕ್ಕುಬಿಟ್ಟನಂತೆ. ಕರೆಂಟು ಕಟ್ ಮಾಡುವ ಯಾವ ಸುದ್ದಿಯೂ ಇಲ್ಲ, ಆ ನಂಬರಿಗೆ ಫೋನ್ ಮಾಡಿ ಅವರು ಕೇಳಿದ್ದನ್ನೆಲ್ಲ ಹೇಳಿದ್ದರೆ ಬ್ಯಾಂಕಿನಲ್ಲಿ ಇಟ್ಟದ್ದು ಖಾಲಿಯಾಗುತ್ತಿತ್ತು ಎಂದನಂತೆ. ಜುಬೈದಾ ಆ ಮೆಸೇಜನ್ನು ಎಲ್ಲರಿಗೂ ತೋರಿಸಿ, ನಮ್ಮೆದುರೇ ಅಳಿಸಿದಳು.

ಅಕ್ಕ ತಂಗಿಯರೇ, ಅಣ್ಣಂದಿರೇ, ಈಗ ಕಂಪ್ಯೂಟರ್ ಮಹಡಿಯ ಮೇಲಿಲ್ಲ, ನಿಮ್ಮ ಕೈಯಲ್ಲೇ ಉಂಟು. ಅದನ್ನು ಬೇಡ ಎನ್ನಬೇಡಿ. ನಾನು ಅದರಿಂದಲೇ ಅನ್ನ ತಿಂದವಳು, ಒಳ್ಳೆಯ ಕೆಲಸದವ ಅದು. ಆದರೆ ಅದು ಒಂದು ಮಾತು ಹೇಳಿದಾಗ, ಅದಕ್ಕೆ ಆ ಮಾತು ಕೊಟ್ಟವರು ಯಾರು ಎಂದು ಕೇಳಿ. ನಿಮ್ಮ ವಿಷಯವನ್ನು ಕಂಡಕಂಡವರಿಗೆ ತೋರಿಸಬೇಡಿ, ಗುಟ್ಟಿನ ನಂಬರು ಯಾರು ಕೇಳಿದರೂ ಹೇಳಬೇಡಿ. ನಿಮ್ಮ ಮನೆಯ ಬಗ್ಗೆ, ನಿಮ್ಮ ಮಕ್ಕಳ ಬಗ್ಗೆ ಅದು ಏನಾದರೂ ಹೇಳಿದರೆ, ನಂಬುವ ಮೊದಲು ಗೊತ್ತಿದ್ದವರನ್ನು ಒಂದು ಮಾತು ಕೇಳಿ. ಅವರು ದೂರದಲ್ಲಿ ಇರಬೇಕೆಂದಿಲ್ಲ. ನಿಮ್ಮ ಬಾವಿಯಿಂದಲೇ ನೀರು ಸೇದುತ್ತಿರಬಹುದು, ಮತ್ತು ಇಷ್ಟು ವರ್ಷವೂ ಅದನ್ನೇ ಹೇಳುತ್ತಿದ್ದಿರಬಹುದು.